ಮಿರಗದ ತನಕ

ಇಂದೂಗೆ ಒಂದೇ ಒಂದು ಚಟ, ಕೇಳುವ ಚಟ. ಬಸ್ಸಿನಲ್ಲಿ ಪಕ್ಕ ಕೂತವಳ ಚೀಲದಲ್ಲಿರೋ ಸೊಪ್ಪು ಯಾವುದು, ಅದನ್ನು ಹೆಂಗೆ ಮಾಡ್ತಾರೆ, ಬೆಳ್ಳುಳ್ಳಿ ಹಾಕ್ತಾರೋ ಇಲ್ಲೋ, ಹಾಕದಿದ್ದರೆ ಯಾಕೆ ಹಾಕೋದಿಲ್ಲ, ಇಷ್ಟೂ ತಿಳಿಯದೆ ಆಕೆ ಬಸ್ಸಿನಿಂದ ಇಳಿದವಳಲ್ಲ. ಎಷ್ಟೋ ಸಲ ತನ್ನ ಸ್ಟಾಪು ದಾಟಿಹೋಗಿ ಮುಂದಿನದರಲ್ಲಿ ಇಳಿದು ವಾಪಸು ನಡೆದದ್ದೂ ಉಂಟು. "ನಿನ್ನ ಬಾಯಿಗೆ ಬೀಗಾ ಹಾಕಿದ್ರ ಕಣ್ಣಿಲೆ ಕೇಳ್ತಿ ನೀ" ಅಂತ ಗಂಡ ದಿಗಂಬರ ರೇಗುತ್ತಿದ್ದ.

ತಮಾಷೆ ಏನಪಾ ಅಂದರೆ ಹೊಟ್ಟೆಪಾಡಿಗೆ ಆಕೆ ಮಾಡುತ್ತಿದ್ದದ್ದು ಇದರ ಉಲ್ಟಾ ಕೆಲಸ. ಪುಣೆಯ ಟೆಲಿಫೋನ್ ಎಕ್ಸ್‌ಚೇಂಜಿನ ವಿಚಾರಣೆ ವಿಭಾಗದಲ್ಲಿ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಮಂದಿ ಕೇಳಿದ ನಂಬರು ಹುಡುಕಿ ಹೇಳುವುದು. ಅಲ್ಲಿ 'ಗೊತ್ತಿಲ್ಲ' ಅನ್ನೋ ಹಂಗೇ ಇಲ್ಲ. ಸೇರಿದ ಮೊದಲ ದಿನವೇ ಮೇಲಿನವರು ತಾಕೀತು ಮಾಡಿದ್ದರು. ಹುಡುಕಿ ಹೇಳಬೇಕು, ಇಲ್ಲಾ 'ಸ್ವಲ್ಪ ತಡೀರಿ' ಅನ್ನಬೇಕು. ಇಪ್ಪತ್ತು ವರ್ಷದಿಂದ ಊರಿಗೆಲ್ಲ ಉತ್ತರ ಕೊಟ್ಟು ಕೊಟ್ಟು, ಕಚೇರಿ ಬಿಟ್ಟ ಕೂಡಲೇ ಬಾಯಿ ತಾನಾಗಿಯೇ ಪ್ರಶ್ನೆಗೆ ತಿರುಗಿಬಿಡುತ್ತಿತ್ತು ಅಂತ ಕಾಣುತ್ತದೆ.

ದಿಗಂಬರ ಬೇರೆ ಜಾತಿಯ ಪ್ರಾಣಿ. ರಾಂಜಣಗಾಂವದ ಒಂದು ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡುತ್ತಿದ್ದ, ಮಾತು ಕಮ್ಮಿ, ಸಿಟ್ಟು ಜಾಸ್ತಿ. ಅವನ ಪ್ರೀತಿಯೆಲ್ಲ ಒಂದೇ ಕಡೆ ಕೂಡಿಬಿದ್ದಿತ್ತು: ಸಾಸವಡ ದಾಟಿ ಜೇಜೂರಿ ದಾರಿಯಲ್ಲಿ ಒಂದು ವಾಡಿಯ, ಅಂದರೆ ಸಣ್ಣ ಹಳ್ಳಿಯ, ಮಗ್ಗುಲಿಗೆ ಅವನು ಹಿಡಿದಿದ್ದ ಒಂದು ತುಂಡು ಜಾಗ, ಅದರಲ್ಲೊಂದು ಬೋರು, ಎರಡು ಸಾಲು ಅಂಜೂರದ ಗಿಡ. ವಿಮಾನ ನಗರದ ಫ್ಲ್ಯಾಟಿನಲ್ಲಿ ತುಳಸಿಗೆ ನೀರು ಹಾಕದ ಮನುಷ್ಯ ಭಾನುವಾರ ಬಂತೆಂದರೆ ಹಳೇ ಮಾರುತಿ ಕಾರು ಹತ್ತಿ ಅಲ್ಲಿಗೆ ಓಡುತ್ತಿದ್ದ. ಒದ್ದೆ ಬಟ್ಟೆಯಿಂದ ಎಲೆಗಳ ಧೂಳು ಒರೆಸುತ್ತಿದ್ದ. ಮಗಳ ಮುಖವನ್ನು ಇವ ಒಂದು ದಿನವಾದರೂ ಹಂಗೆ ಒರೆಸಿದ್ದನಾ ಅಂತ ಇಂದೂಗೆ ಹೊಟ್ಟೆಯೊಳಗೆ ಸಣ್ಣ ಉರಿ.

ಅದು ಎರಡು ಸಾವಿರದ ಮೂರನೇ ಇಸವಿಯ ಬೇಸಿಗೆ. ಮಳೆ ಕೈಕೊಟ್ಟು ಅದು ಮೂರನೇ ವರ್ಷ. ಒಂದು ಭಾನುವಾರ ಗಂಡಹೆಂಡತಿ ಜೇಜೂರಿಗೆ ಹೋಗಿದ್ದರು. ಅಲ್ಲಿಯವರ ಖಂಡೋಬನೇ ಇವರ ಮೈಲಾರಲಿಂಗ, ಇವರ ಮನೆದೇವರು. ಮೆಟ್ಟಿಲು ಹತ್ತಿ, ಇಳಿದು, ತಲೆಯಿಂದ ಕಾಲಿನ ತನಕ ಭಂಡಾರದ ಅರಿಶಿನ ಬಳಿದುಕೊಂಡು, ಒಂದು ಪುಡಿಕೆ ಭಂಡಾರ ಮನೆಗೂ ಕಟ್ಟಿಸಿಕೊಂಡು ಹೊರಟರು. ವಾಡಿಯ ಹತ್ತಿರ ಬರುವಷ್ಟರಲ್ಲಿ ರಸ್ತೆ ತುಂಬ ಕುರಿ, ಕುರಿಯ ನಡುವೆ ಮಂದಿ, ಮಂದಿಯ ಕೈಯಲ್ಲಿ ಬಡಿಗೆ.

"ನಿಂದರಸ್ರೀ" ಅಂದಳು ಇಂದೂ.

"ನಿಂದರಸೂದಿಲ್ಲ. ನಮಗ್ಯಾಕ ಊರ ಉಸಾಬರಿ?" ಅಂದ ದಿಗಂಬರ. ಆದರೆ ಕುರಿಗಳೇ ನಿಲ್ಲಿಸಿದವು. ಹಾರ್ನಿಗೆ ಅವು ಕಿವಿ ಕೂಡ ಅಲ್ಲಾಡಿಸಲಿಲ್ಲ.

ಇಂದೂ ಇಳಿದೇಬಿಟ್ಟಳು. ಊರ ಬಾವಿಯ ಸುತ್ತ ಕೊಡಗಳ ಸಾಲು. ಸರಕಾರದ ಟ್ಯಾಂಕರು ಬಂದು ಬಾವಿಗೆ ನೀರು ಸುರಿದು ಆಗಷ್ಟೇ ಹೋಗಿತ್ತು. ಸುರಿಯುವಾಗ ಕಟ್ಟೆಯ ಸುತ್ತ ಚೆಲ್ಲಿದ ನೀರಿನ ವಾಸನೆಗೆ ಕುರಿಗಳು ನುಗ್ಗಿದ್ದವು, ಊರವರು ಬಡಿದಿದ್ದರು, ಕುರುಬ ಕಲ್ಲು ಬೀರಿದ್ದ. ಒಬ್ಬನ ಹಣೆಯಿಂದ ರಕ್ತ ಇಳಿಯುತ್ತಿತ್ತು. ಒಂದು ಕುರಿ ಮುಂಗಾಲು ಮುರಿದುಕೊಂಡು ಧೂಳಿನಲ್ಲಿ ಕೂತಿತ್ತು. ಊರವರ ಮುಂದೆ ಬಡಿಗೆ ಹಿಡಿದು ನಿಂತವನು ಮಂದಾರ, ಇಪ್ಪತ್ತೈದರ ಗಟ್ಟಿಮುಟ್ಟು ರೈತ. ದಿಗಂಬರನ ಜಾಗದ ಪಕ್ಕದ ಹೊಲ ಅವನದೇ. ಎದುರಿಗೆ ಕರಿ ಕಂಬಳಿಯ ಕುರುಬ ಸಿಟ್ಟಿನಲ್ಲಿ ಮರಾಠಿ ಮರೆತು ಕನ್ನಡದಲ್ಲಿ ಬೈಯುತ್ತಿದ್ದ. ಬೈಗುಳ ಕೇಳಿ ಇಂದೂಗೆ ಖುಷಿಯೇ ಆಯಿತು ಅಂದರೆ ನೀವು ನಂಬಲಿಕ್ಕಿಲ್ಲ, ಆದರೂ ಆಯಿತು. ಪುಣೆ ಸೇರಿದ ಮೇಲೆ ಅಷ್ಟು ಅಚ್ಚ ಕನ್ನಡದ ಬೈಗುಳ ಕಿವಿಗೆ ಬಿದ್ದು ಎಷ್ಟು ವರ್ಷವಾಗಿತ್ತೋ.

"ಯಾವೂರಪಾ ನಿಮ್ಮದು?" ಅಂದಳು.

ಕುರುಬ ಬೈಯುವುದನ್ನು ಅರ್ಧಕ್ಕೇ ನಿಲ್ಲಿಸಿದ. "ಅಥಣಿ ಕಡೀದ್ರಿ ಅವ್ವಾರ. ನಾ ಫಕೀರಪ್ಪ. ಈಕಿ ನನ್ನ ಹೇಣ್ತಿ ಕಲ್ಲವ್ವ."

ಕಲ್ಲವ್ವ ಕಾಲು ಮುರಿದ ಕುರಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಸೆರಗು ಹರಿದು ಕಟ್ಟುತ್ತಿದ್ದಳು. ತಲೆ ಎತ್ತಲಿಲ್ಲ.

"ವರ್ಷಾ ಈ ದಾರೀಲೆ ಬರ್ತೀರೇನು?"

"ನಮ್ಮಪ್ಪನ ಕಾಲದಿಂದ್ರಿ. ದಸರಾ ಮುಗದಮ್ಯಾಲ ಘಟ್ಟದ ಕಡೆ, ಮುಂಗಾರಿನ ಮೊದಲ ಮಿರಗದ ಮಳಿಗೆ ವಾಪಸು ಊರಿಗೆ."

"ಹಂಗಾರ ಈಗ್ಯಾಕ ಬಂದ್ರಿ? ಮಿರಗಕ್ಕ ಇನ್ನೂ ಭಾಳ ದಿನಾ ಅದಾವ."

"ಘಟ್ಟದಾಗ ಹುಲ್ಲs ಇಲ್ಲರಿ. ಮ್ಯಾಲ ಉಳಿಯೂಹಂಗಿಲ್ಲ, ಕೆಳಗ ಇಳಿಯೂಹಂಗಿಲ್ಲ."

ಇಂದೂ ಮಂದಾರನ ಕಡೆ ತಿರುಗಿ ಮರಾಠಿಯಲ್ಲಿ ಕೇಳಿದಳು, ಇವರು ವರ್ಷಾ ಬರುವವರಂತೆ, ಹೋದ ಸಲವೂ ಬಡಿದಿದ್ದಿರೇನು? ಮಂದಾರನಿಗೆ ಮುಜುಗರವಾಯಿತು. ಇಲ್ಲ ಕಾಕೂ, ಅಂದ. ನಮ್ಮಪ್ಪ ಇದ್ದಾಗ ತಾನೇ ಹೋಗಿ ಕರೆದುಕೊಂಡು ಬರುತ್ತಿದ್ದ. ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿದರೆ ಗೊಬ್ಬರ ಆಗುತ್ತದೆ ಅಂತ ಜೋಳ ಕೊಟ್ಟು, ಊಟ ಹಾಕಿ ಇಟ್ಟುಕೊಳ್ಳುತ್ತಿದ್ದೆವು. ನನ್ನ ಹೊಲಕ್ಕೆ ಮೊದಲು, ನಿನ್ನ ಹೊಲಕ್ಕೆ ಮೊದಲು ಅಂತ ನಮ್ಮ ನಮ್ಮಲ್ಲೇ ಜಗಳ ಆಗುತ್ತಿತ್ತು.

"ಮತ್ತ ಈಗ ಏನಾತು?"

ಉತ್ತರ ಕೊಟ್ಟವನು ಫಕೀರಪ್ಪ. "ಬಿತ್ತಿಗೀನ ಇಲ್ಲಂದಮ್ಯಾಲ ಕುರಿ ಹಿಕ್ಕಿ ಯಾರಿಗೆ ಬೇಕ್ರಿ ಅವ್ವಾರ?"

ಇಂದೂ ಆ ಮಾತನ್ನು ಮರಾಠಿಗೆ ತಿರುಗಿಸಿ ಹೇಳಿದಳು. ಕೊಡ ಹಿಡಿದ ಹೆಂಗಸರು ತಲೆ ಕೆಳಗೆ ಹಾಕಿದರು. ಮಂದಾರ ಬಡಿಗೆಯ ತುದಿಯಿಂದ ಮಣ್ಣು ಕೆದರಿದ. ಎಲ್ಲರ ಸಿಟ್ಟು ಸ್ವಲ್ಪ ಇಳಿದ ಹಂಗೆ ಕಂಡಿತು. ಅಷ್ಟಕ್ಕೇ ಬಿಟ್ಟು ಕಾರು ಹತ್ತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಇಂದೂಗೆ ಉಮೇದು ಬಂದುಬಿಟ್ಟಿತ್ತು. ಕಾರಿಗೆ ಓಡಿ ಭಂಡಾರದ ಪುಡಿಕೆ ತಂದಳು.

"ನೀರಿಗೆ ಯಾಕ ಬಡದಾಡ್ತೀರಿ? ಅಲ್ಲೇ ನಮ್ಮ ಜಾಗಾದಾಗ ಬೋರ್ ಅದ. ಕುರಿ ಅಲ್ಲಿ ಬಿಡ್ರಿ. ಮಿರಗದ ದಿನದ ತನಕ ಹ್ಯಾಂಗರೆ ನಡೀತದ. ತೊಗೊಳ್ರಿ, ದೇವರ ಪ್ರಸಾದ, ಜಗಳಾ ಬಿಡ್ರಿ" ಅಂತ ಕನ್ನಡದಲ್ಲಿ ಒಮ್ಮೆ, ಮರಾಠಿಯಲ್ಲಿ ಒಮ್ಮೆ ಹೇಳಿ ಮಂದಾರನ ಅಂಗೈಗೊಂದು ಚಿಟಿಕೆ, ಫಕೀರಪ್ಪನ ಅಂಗೈಗೊಂದು ಚಿಟಿಕೆ ಹಾಕಿದಳು.

ಗಲಾಟೆ ಗಪ್ಪಂತ ನಿಂತಿತು. ಮಂದಾರ ಬಡಿಗೆ ಕೆಳಗಿಟ್ಟ. ಫಕೀರಪ್ಪ ಚಪ್ಪಲಿ ಬಿಟ್ಟು ನಿಂತ. ಇಬ್ಬರೂ ಅಂಗೈ ಮುಚ್ಚಿ ಮುಷ್ಟಿಯನ್ನು ಹಣೆಗೆ ಒತ್ತಿಕೊಂಡರು, ಆಮೇಲೆ ಭಂಡಾರವನ್ನು ಹಣೆಗೆ ಬಳಿದುಕೊಂಡರು. ಕೊಡದ ಸಾಲಿನಿಂದ ಒಬ್ಬ ಮುದುಕಿ "ಯೇಳಕೋಟ ಯೇಳಕೋಟ" ಅಂದಳು, ಇತ್ತ ಕಲ್ಲವ್ವ "ಏಳುಕೋಟಿ ಏಳುಕೋಟಿಗೋ" ಅಂದಳು. ಎರಡೂ ಒಂದೇ ದೇವರ ಕೂಗು. ಎಷ್ಟು ಚಂದ ಆತಲ್ಲ ಅಂತ ಇಂದೂ ಬೀಗುತ್ತ ಕಾರಿಗೆ ಬಂದರೆ, ದಿಗಂಬರ ಸ್ಟಿಯರಿಂಗಿನ ಮೇಲೆ ಹಣೆ ಇಟ್ಟು ಕೂತಿದ್ದ.

"ಏನಾತ್ರಿ?"

"ಏನ್ ಆಗಬೇಕಿತ್ತೋ ಅದಾತು. ಪ್ರಸಾದ ಕೊಟ್ಟೆ ಅಂತ ತಿಳಕೊಂಡಿಯೇನು? ಜಗಳಾಡೋ ಇಬ್ಬರ ಕೈಯಾಗ ಭಂಡಾರ ಇಟ್ಟರ ಅದು ಆಣಿ. ನಮ್ಮಜ್ಜ ಬದುವಿನ ಜಗಳಾ ಹಿಂಗs ಬಗೀಹರಸ್ತಿದ್ದ. ಮಿರಗದ ತನಕ ನೀ ನೀರು ಕೊಡಬೇಕು, ಊರವರು ಕೈ ಎತ್ತಬಾರದು, ಕುರುಬರು ಮಿರಗದ ದಿನಾ ಜಾಗಾ ಬಿಡಬೇಕು. ಒಬ್ಬರು ತಪ್ಪಿದ್ರೂ ದೇವರು ಬಿಡೂದಿಲ್ಲ."

"ಅಯ್ಯ, ನನಗೇನ್ ಗೊತ್ತು!"

"ಜಗತ್ತನ್ನೆಲ್ಲಾ ಕೇಳ್ತಿ, ಮನೀ ದೇವರದು ಮಾತ್ರ ಕೇಳಲಿಲ್ಲ ನೋಡು ನೀ" ಅಂದ ದಿಗಂಬರ. ಅಷ್ಟರಲ್ಲಿ ಅವನಿಗೆ ಏನೋ ಹೊಳೆಯಿತು. "ನನ್ನ ಅಂಜೂರ!"

ಆ ಬೋರು ಮೊದಲೇ ಬಡಕಲು. ದಿನಕ್ಕೆ ಒಂದಿಷ್ಟು ಹೊತ್ತು ನೀರು ಕೊಟ್ಟು ಆಮೇಲೆ ಗಾಳಿ ಉಗುಳುತ್ತಿತ್ತು. ಅಂಜೂರಕ್ಕೆ ಸಾಕಾಗುತ್ತಿತ್ತು, ಅಷ್ಟೇ. ಇಂದೂ ಕೊಟ್ಟದ್ದು ತನ್ನ ಮಾತನ್ನಲ್ಲ, ಗಂಡನ ಗಿಡಗಳ ಪಾಲಿನ ನೀರನ್ನು. ದಿಗಂಬರ ಆಣೆ ಮುರಿಯಬಹುದಿತ್ತು. ಮನುಷ್ಯರಿಗೆ ಅಂಜದವನೇ, ಆದರೆ ಮೈಲಾರಲಿಂಗನಿಗೆ ಅಂಜುತ್ತಿದ್ದ. ಮನೆತನದ ಹೆಸರಿನಲ್ಲಿ ಬಿದ್ದ ಭಂಡಾರ, ಏನು ಮಾಡಲಿಕ್ಕೆ ಬರುತ್ತದೆ? ಕುರಿ ನೀರು ಕುಡಿಯುವ ಡೋಣಿಗೆ ಅರ್ಧ, ಗಿಡಕ್ಕೆ ಅರ್ಧ ಅಂತ ಪೈಪಿಗೆ ತಾನೇ ಜೋಡಣೆ ಮಾಡಿದ. ಹೆಂಡತಿಯ ಜೊತೆ ಮಾತು ಬಿಟ್ಟ. ಊಟಕ್ಕೆ ಕೂತರೆ ಉಪ್ಪು ಬೇಕಾದರೂ ಎದ್ದು ತಾನೇ ತೊಗೊಳ್ಳುತ್ತಿದ್ದ.

ಇಂದೂ ಮಾತ್ರ ರಜಾ ಹಾಕಿ ಹಾಕಿ, ಬಸ್ಸು ಹಿಡಿದು ಜಾಗಕ್ಕೆ ಓಡತೊಡಗಿದಳು. ತಪ್ಪು ತನ್ನದು, ನೋಡಿಕೊಳ್ಳಬೇಕಲ್ಲ. ಹಂಗಂತ ಹೇಳುತ್ತಿದ್ದಳೇ ವಿನಾ, ಸುಳ್ಳು ಯಾಕೆ, ಅರ್ಧ ಓಟ ಕೇಳುವುದಕ್ಕಾಗಿಯೇ. ಕಲ್ಲವ್ವ ಉಣ್ಣೆ ನೂಲುತ್ತ ಕೂತಿರುತ್ತಿದ್ದಳು, ಪಕ್ಕದಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಮೊನ್ನೆ ಮೊನ್ನೆ ಹುಟ್ಟಿದ ಮರಿಗಳು. ಕುರಿ ತನ್ನ ಮರಿಯನ್ನು ಹೆಂಗೆ ಗುರುತು ಹಿಡೀತದ? ದಾರಿ ತಪ್ಪಿದ್ದು ವಾಪಸು ಬರ್ತದೋ ಇಲ್ಲೋ? ರಾತ್ರಿ ತೋಳ ಬಂದರೆ ಮೊದಲು ಎಚ್ಚರ ಆಗೋದು ಯಾರಿಗೆ?

"ನಮ್ಮ ಮೈಲಾರಪ್ಪನೂ ಕುರುಬರ ಹುಡಿಗಿ ಬೆನ್ನ ಹತ್ತಿ ಕುರಿ ಕಾಯ್ದಾನ್ರಿ ಬಾಯಾರ. ಆಂವಾ ಸೈತ ಇಷ್ಟು ಕೇಳಿರಲಿಕ್ಕಿಲ್ಲ" ಅಂತ ಕಲ್ಲವ್ವ ನಕ್ಕಳು.

ಇಂದೂ ನಕ್ಕು ಮತ್ತೆ ಕೇಳಿದಳು. "ಘಟ್ಟದಾಗ ಹುಲ್ಲಿಲ್ಲಂದ್ರ ಸೀದಾ ಊರಿಗೆ ಹೋಗಬಹುದಿತ್ತಲ್ಲ, ಇಲ್ಯಾಕ ಕುಂತ್ರಿ?"

ಕಲ್ಲವ್ವನ ಕೈ ನಿಂತಿತು. "ಊರಾಗ ನಮ್ಮ ಮೈದುನನ ಕುರಿ ಅದಾವ್ರಿ. ಊರವರು ಅವನ್ನs ಕೆರಿ ದಂಡೀಗೆ ಬಿಡವಲ್ರು. ಬ್ಯಾರೆಯವರಲ್ಲರಿ, ನಮ್ಮ ಓಣಿಯವರs. ಮದವಿಗೆ ಕರದು ಉಣಿಸಿದವರs. ಹೊಳಿ ಬತ್ತೇತಿ, ಕೆರಿಯಾಗ ಇರೂದು ಒಂದೀಟು. ಇಲ್ಲಿಯವರು ಬಡದ್ರ ಪರದೇಶದವರು ಅಂತ ತಡಕೋಬಹುದು. ಊರವರು ಬಡದ್ರ ಏನನ್ನೂಣ್ರಿ?"

ಆವತ್ತು ಬಸ್ಸಿನಲ್ಲಿ ಇಂದೂ ಪಕ್ಕದವಳ ಚೀಲ ನೋಡಲಿಲ್ಲ. ಘಟ್ಟದಲ್ಲಿ ಹುಲ್ಲಿಲ್ಲ, ವಾಡಿಯಲ್ಲಿ ಬಿತ್ತನೆ ಇಲ್ಲ, ಅಥಣಿಯಲ್ಲಿ ಹೊಳೆ ಇಲ್ಲ. ಇವು ಮೂರು ಊರಿನ ಮೂರು ತಾಪತ್ರಯ ಅಂದುಕೊಂಡಿದ್ದಳು, ಎಲ್ಲ ಕೂಡಿ ಒಂದೇ ಆಗಿತ್ತು. ಅಪ್ಪನ ಕಾಲದ ದಾರಿ ಇನ್ನೂ ಇದ್ದಲ್ಲೇ ಇದೆ, ದಾರಿ ತೋರಿಸುತ್ತಿದ್ದ ಮಳೆಯೇ ದಾರಿ ತಪ್ಪಿದೆ. ಇನ್ನು ಜಗಳ ಬೀಳದೆ ಏನಾದೀತು ಅನಿಸಿತು ಆಕೆಗೆ.

ಊರವರು ಆಣೆಗೆ ನೆಟ್ಟಗಿದ್ದರು. ಯಾರೂ ಒಂದು ಹರಳು ಸಹ ಎಸೆಯಲಿಲ್ಲ. ಹಣೆ ಒಡೆಸಿಕೊಂಡಿದ್ದವನು ಬೀಡಿಗೆ ಬೆಂಕಿ ಕೇಳಲು ಫಕೀರಪ್ಪನ ಹತ್ತಿರ ಬಂದು ಕೂರುವಷ್ಟಾಯಿತು. ಕಾಲು ಮುರಿದ ಕುರಿ ಕುಂಟುತ್ತ ಓಡಾಡತೊಡಗಿತು. ಇತ್ತ ಅಂಜೂರದ ಎಲೆ ಅಂಚಿನಿಂದ ಕಂದಾಗಿ, ಮುರುಟಿ, ಒಂದೊಂದೇ ಉದುರಿದವು. ದಿಗಂಬರ ಭಾನುವಾರ ಬಂದು ಉದುರಿದ್ದನ್ನೆಲ್ಲ ಆಯ್ದು ಬುಡಕ್ಕೆ ಹಾಸುತ್ತಿದ್ದ. ಹಾಸುವಾಗ ಇಂದೂ ಅವನ ಬೆನ್ನು ನೋಡುತ್ತ ನಿಲ್ಲುತ್ತಿದ್ದಳು. ಕ್ಷಮಾ ಮಾಡ್ರಿ ಅನ್ನಬೇಕು ಅಂತ ಬಾಯಿಗೆ ಬರುತ್ತಿತ್ತು, ಅವನು ತಿರುಗಿ ನೋಡಿದರೆ ತಾನೇ?

"ಆತು, ಮಿರಗ ಬಂತು" ಅಂತ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಮಿರಗದ ದಿನ ಮಳೆ ಬಿದ್ದೇ ಬೀಳುತ್ತದೆ ಅಂತ ಎಲ್ಲರೂ ನಂಬಿದ್ದರು. ಪಂಚಾಂಗದಲ್ಲಿ ಮೃಗಶಿರಾ ಮಳೆ ಹುಟ್ಟುವ ದಿನ ಅಂತ ಇದ್ದದ್ದನ್ನೇ ಗಡುವು ಅಂತ ಹಿಡಿದದ್ದು ಅದಕ್ಕೆ. ಮಳೆ ಬಿದ್ದರೆ ಕುರಿ ದಾರಿಯುದ್ದಕ್ಕೂ ಹಸಿರು ಮೇಯುತ್ತ ಊರಿಗೆ ಹೋಗುತ್ತವೆ, ಗಿಡ ಚಿಗುರುತ್ತವೆ, ಗಂಡ ಮಾತಾಡುತ್ತಾನೆ. ಇನ್ನೇನು ಬೇಕು?

ಮಿರಗದ ದಿನ ಬಂತು. ಮಳೆ ಬರಲಿಲ್ಲ.

ಆವತ್ತು ದಿಗಂಬರನೂ ರಜಾ ಹಾಕಿದ್ದ. ಇಬ್ಬರೂ ಬೆಳಗಿನ ಹೊತ್ತಿಗೇ ಜಾಗಕ್ಕೆ ಬಂದರು. ಆಕಾಶ ತಿಕ್ಕಿಟ್ಟ ಸ್ಟೀಲಿನ ತಾಟಿನ ಹಂಗೆ ಬೋಳು. ಫಕೀರಪ್ಪ ಆಗಲೇ ಕುದುರೆಯ ಮೇಲೆ ಗಂಟುಮೂಟೆ, ಪಾತ್ರೆ, ಮರಿಗಳ ಬುಟ್ಟಿ ಹೇರಿ ಹಗ್ಗ ಬಿಗಿಯುತ್ತಿದ್ದ. ಬೇಲಿಯ ಆಚೆ ಮಂದಾರ ಮತ್ತು ಊರವರು ಬಂದು ನಿಂತಿದ್ದರು, ಬಡಿಗೆಗಳು ಕಂಕುಳಲ್ಲಿದ್ದವು. ಹಿಂದೆ ಹೆಂಗಸರು, ಖಾಲಿ ಕೊಡಗಳು.

"ಇವತ್ತಿಗೆ ಆಣೆ ಮುಗೀತು ಕಾಕೂ" ಅಂದ ಮಂದಾರ, ಮರಾಠಿಯಲ್ಲಿ, ಮೆತ್ತಗೆ. "ಟ್ಯಾಂಕರು ಬಂದು ಬಹಳ ದಿನವಾಯಿತು. ಬಾವಿಯಲ್ಲಿ ಕೆಸರಿದೆ. ಇವರು ಹೊರಟರೆ ಈ ಬೋರಿನ ನೀರು ಊರಿಗೆ ಕೊಡಿ ಅಂತ ಕೇಳಲು ಬಂದೆವು. ನಾವು ತಪ್ಪಿಲ್ಲ."

ತಪ್ಪಿರಲಿಲ್ಲ, ಖರೆ. ಯಾರು ತಪ್ಪಿದ್ದರು ಹೇಳ್ರಿ?

ಇಂದೂ ಕುದುರೆಯ ಹಗ್ಗ ಹಿಡಿದುಕೊಂಡಳು. "ಫಕೀರಪ್ಪ, ಎಲ್ಲಿಗೆ ಹೊಂಟಿ? ದಾರ್ಯಾಗ ಹನಿ ನೀರಿಲ್ಲ. ಮರಿ ಅದಾವ. ನಾಕು ದಿನಾ ನಿಲ್ಲು."

"ಇಲ್ರಿ ಅವ್ವಾರ. ದಿನಾ ಹೇಳಿ ಭಂಡಾರ ಹಿಡದೀನಿ. ಮೀರಿ ನಿಂತ್ರ ಅವರು ಬಡದದ್ದು ನ್ಯಾಯ ಆಕ್ಕೇತಿ. ಮುಂದ ಯಾವ ಊರಾಗ ನಮ್ಮ ಕೈಯಾಗ ಭಂಡಾರ ಇಡತಾರ್ರಿ?"

"ಎಷ್ಟು ಕುರಿ ಊರು ಮುಟ್ಟತಾವ?"

ಫಕೀರಪ್ಪ ಹೇರಿನ ಗಂಟನ್ನು ಮತ್ತೊಮ್ಮೆ ಬಿಗಿದ. ಕಲ್ಲವ್ವ ಬುಟ್ಟಿಯೊಳಗಿನ ಮರಿಗಳ ಮೇಲೆ ಒದ್ದೆ ಅರಿವೆ ಹೊದಿಸುತ್ತಿದ್ದಳು. ಅರಿವೆಗೆ ತೋಯಿಸಿದ ನೀರು ಡೋಣಿಯ ತಳದಲ್ಲಿ ಉಳಿದದ್ದು.

ಇಂದೂ ಮಂದಾರನತ್ತ ನೋಡಿದಳು, ಹೆಂಗಸರ ಕೊಡಗಳನ್ನು ನೋಡಿದಳು. ಇವರನ್ನು ಇರಲು ಬಿಡಿ ಅಂತ ಊರವರಿಗೆ ಹೆಂಗೆ ಹೇಳುವುದು, ನಿಲ್ಲಿ ಅಂತ ಕುರುಬರಿಗೆ ಹೆಂಗೆ ಹೇಳುವುದು? ಬೋರಿನಲ್ಲಿ ಬರುವುದೇ ಅಷ್ಟು. ಇಬ್ಬರಿಗೆ ಹಂಚಬಹುದೇನೋ. ಮೂರು ಪಾಲಂತೂ ಆಗದು. ಆ ಮೂರನೇ ಪಾಲಿನ, ಅಂಜೂರದ ಸಾಲಿನ ಕಡೆ ಆಕೆ ತಿರುಗಿ ನೋಡಲಿಲ್ಲ. ನೋಡುವ ಧೈರ್ಯವಿರಲಿಲ್ಲ.

ಅಷ್ಟರಲ್ಲಿ ಹಿಂದೆ ಸರಸರ ಸಪ್ಪಳವಾಯಿತು. ದಿಗಂಬರ ಅಂಜೂರದ ಸಾಲಿನಲ್ಲಿ ಬಗ್ಗಿ, ಗಿಡದ ಬುಡಕ್ಕೆ ಹಾಕಿದ್ದ ಕರಿ ಪೈಪನ್ನು ಕಿತ್ತು ಎಳೆಯುತ್ತಿದ್ದ. ಒಂದು ಸಾಲಿನದು ಬಂತು, ಎರಡನೇ ಸಾಲಿನದೂ ಬಂತು. ಎರಡನ್ನೂ ಜೋಡಿಸಿ ಉದ್ದ ಮಾಡಿ, ಡೋಣಿಯ ಹತ್ತಿರ ಒಂದು ಬಾಯಿ ಬಿಟ್ಟ, ಇನ್ನೊಂದನ್ನು ಬೇಲಿಯ ಆಚೆ, ಕೊಡಗಳ ಮುಂದೆ ಒಗೆದ.

"ಮೊದಲು ಊರಿನ ಕೊಡಾ ತುಂಬಲಿ. ಆಮ್ಯಾಲ ಕುರಿ" ಅಂದ.

ಅಷ್ಟು ದಿನದ ಮೇಲೆ ಅವನ ದನಿ ಕೇಳಿ ಇಂದೂ ಎರಡು ಹೆಜ್ಜೆ ಅವನ ಹತ್ತಿರ ಹೋದಳು. "ಅಂಜೂರಕ್ಕ?" ಅಂದಳು.

"ಅದೊಂದು ಕೇಳಬ್ಯಾಡ ನೀ" ಅಂದ ದಿಗಂಬರ. ಮುಖ ಆ ಕಡೆ ತಿರುಗಿಸಿಕೊಂಡ.

ಇಂದೂ ಬೋರಿನ ಪಕ್ಕದ ಪಂಪಿನ ಷೆಡ್ಡಿಗೆ ಹೋಗಿ ಗೋಡೆಯ ಗೂಡಿಗೆ ಕೈ ಹಾಕಿದಳು. ಆ ಭಾನುವಾರ ಉಳಿದಿದ್ದ ಭಂಡಾರದ ಪುಡಿಕೆಯನ್ನು ಕಲ್ಲವ್ವ ಅಲ್ಲಿ ಭದ್ರವಾಗಿ ಇಟ್ಟಿದ್ದಳು. ಇಂದೂ ಪುಡಿಕೆ ಬಿಚ್ಚಿದಳು. ಹೋದ ಸಲ ಪ್ರಸಾದ ಅಂತ ಕೊಟ್ಟಿದ್ದಳು, ನಗುನಗುತ್ತ ಕೊಟ್ಟಿದ್ದಳು. ಈ ಸಲ ಚಪ್ಪಲಿ ಬಿಟ್ಟು ಬಂದಳು.

ಫಕೀರಪ್ಪ ಕೈ ಹಿಂದೆ ತೊಗೊಂಡ. "ಬ್ಯಾಡ್ರಿ ಅವ್ವಾರ. ಹೋದ ಸಲ ದಿನಾ ಗೊತ್ತಿತ್ತು. ಈ ಸಲ ಗೊತ್ತಿಲ್ಲ. ಸಾಹೇಬ್ರ ಗಿಡಾ ಸಾಯತಾವ."

"ಕೈ ಹಿಡಿಯೋ ಮಾರಾಯ" ಅಂದ ದಿಗಂಬರ, ಇತ್ತ ತಿರುಗದೆ.

ಫಕೀರಪ್ಪ ಕೈ ಹಿಡಿದ. ಚಿಟಿಕೆ ಬಿತ್ತು. ಇಂದೂ ಬೇಲಿಯ ಹತ್ತಿರ ಹೋಗಿ ಮಂದಾರನೆದುರು ನಿಂತಳು. ಅವನು ಕೈ ಮುಂದೆ ಚಾಚಿದವನು ಅರ್ಧಕ್ಕೆ ನಿಲ್ಲಿಸಿದ.

"ಎಲ್ಲಿಯ ತನಕ ಕಾಕೂ?"

"ಈ ಸಲ ದಿನಾ ಹೇಳೂದಿಲ್ಲ. ಮಳಿ ಬರೋತನಕ."

ಮಂದಾರ ಮೇಲೆ ನೋಡಿದ. ಆಮೇಲೆ ಒಣಗಿದ ಅಂಜೂರ ನೋಡಿದ, ಬೋರು ನೋಡಿದ, ಆಕೆಯನ್ನು ನೋಡಿದ. ಸಿಟ್ಟಿರಲಿಲ್ಲ, ಚೇಷ್ಟೆಯೂ ಇರಲಿಲ್ಲ. ತಿಳಿದುಕೊಳ್ಳಬೇಕು ಅಂತಲೇ ಕೇಳಿದ.

"ಬರದಿದ್ರೆ?"

ಎಲ್ಲರೂ ಇಂದೂನ ಕಡೆ ನೋಡಿದರು. ಕೊಡದ ಸಾಲು, ಫಕೀರಪ್ಪ, ಕಲ್ಲವ್ವ. ದಿಗಂಬರನೂ ತಿರುಗಿದ. ಇಪ್ಪತ್ತು ವರ್ಷ ಒಂದು ಊರಿಗೇ ಉತ್ತರ ಕೊಟ್ಟ ಹೆಂಗಸು. 'ಸ್ವಲ್ಪ ತಡೀರಿ' ಅನ್ನುವ ಮಾತು ರೂಢಿಯ ಮೇಲೆ ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡಳು.

"ಗೊತ್ತಿಲ್ಲಪ್ಪಾ" ಅಂದಳು. "ಕೈ ಹಿಡಿ."

ಮಂದಾರ ಕೈ ಹಿಡಿದ.